ಕಹಿ ಸೋರೆಕಾಯಿ ಶುಗರ್‌ಗೆ ಔಷಧಿಯೇ? ಹುಳು ತಿಂದ ತರಕಾರಿ ಸುರಕ್ಷಿತವೇ? ತಾರಸಿ ತೋಟದ ಫಾರ್ವರ್ಡ್‌ಗಳಲ್ಲಿ ನಿಜ ಎಷ್ಟು?

ಮಾರ್ಚ್ ಬಂತೆಂದರೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪ್‌ಗಳಲ್ಲಿ ಫೋಟೋಗಳ ಸುಗ್ಗಿ. ಬಾಲ್ಕನಿ ಗ್ರಿಲ್‌ಗೆ ಹಬ್ಬಿದ ಹೀರೆಬಳ್ಳಿ, ಗ್ರೋಬ್ಯಾಗಿನ ಬದನೆ, ಕೈತುಂಬ ಹಿಡಿದ ಎಳೆ ಸೌತೆಕಾಯಿ. ಪೀಣ್ಯ, ದಾಸರಹಳ್ಳಿ ಕಡೆ ಸ್ವಂತ ಮನೆಯವರ ತಾರಸಿಗಳಲ್ಲಿ ಅರ್ಧ ಕತ್ತರಿಸಿದ ನೀಲಿ ಡ್ರಮ್, ಅದರ ಮೇಲೆ ತಂತಿ ಚಪ್ಪರ, ಚಪ್ಪರದಿಂದ ಇಳಿಬಿದ್ದ ಸೋರೆಕಾಯಿ. ಜನವರಿ ಕೊನೆಗೆ ಊರಿದ ಬೀಜ ಯುಗಾದಿ ಹೊತ್ತಿಗೆ ಅಡುಗೆಮನೆಗೆ ಬರುತ್ತದೆ.

ಈ ಫೋಟೋಗಳ ಹಿಂದೆಯೇ ಕೆಲವು ಸಂದೇಶಗಳೂ ಬರುತ್ತವೆ. ಪದಗಳು ಬೇರೆಬೇರೆ ಇರಬಹುದು, ಸಾರ ಒಂದೇ. ಒಂದು: ಹುಳು ತಿಂದ ತರಕಾರಿಯನ್ನೇ ಆರಿಸಿ, ಹುಳು ತಿಂದಿದೆ ಎಂದರೆ ವಿಷ ಇಲ್ಲ ಎಂದರ್ಥ. ಎರಡು: ಸೋರೆಕಾಯಿ ಜ್ಯೂಸ್ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕುಡಿಯಿರಿ, ಕಹಿ ಇದ್ದಷ್ಟೂ ಶುಗರ್‌ಗೆ ಒಳ್ಳೆಯದು. ಮೂರು: ಮನೆಯಲ್ಲೇ ಬೆಳೆದದ್ದು, ಆದ್ದರಿಂದ ಕಣ್ಣುಮುಚ್ಚಿ ತಿನ್ನಬಹುದು.

ಚಿಕ್ಕ ಉತ್ತರ ಮೊದಲೇ ಹೇಳಿಬಿಡುತ್ತೇವೆ. ಮೊದಲನೆಯದು ತಪ್ಪು. ಎರಡನೆಯದು ಅಪಾಯಕಾರಿ ತಪ್ಪು. ಮೂರನೆಯದು ಅರ್ಧ ನಿಜ. ಓದಲು ಸಮಯವಿಲ್ಲ ಎನ್ನುವವರು ಇಷ್ಟನ್ನಾದರೂ ನೆನಪಿಟ್ಟುಕೊಳ್ಳಿ: ಸೋರೆ, ಹೀರೆ, ಪಡವಲ, ಸೌತೆ, ಕುಂಬಳ ಜಾತಿಯ ಯಾವ ತರಕಾರಿಯನ್ನೇ ಹೆಚ್ಚುವಾಗಲೂ ಒಂದು ಸಣ್ಣ ಹಸಿ ತುಂಡನ್ನು ನಾಲಿಗೆಗೆ ತಾಗಿಸಿ ನೋಡಿ. ಕಹಿ ಇದ್ದರೆ ಉಗಿಯಿರಿ, ಆ ಕಾಯಿಯನ್ನು ಪೂರ್ತಿ ಎಸೆಯಿರಿ.

ಕಹಿ ಸೋರೆಕಾಯಿ: ದೆಹಲಿಯಲ್ಲಿ ಏನಾಗಿತ್ತು?

2010ರಲ್ಲಿ ದೆಹಲಿಯಲ್ಲಿ ಸಿಎಸ್‌ಐಆರ್‌ನ ವಿಜ್ಞಾನಿಯೊಬ್ಬರು ಮನೆಯಲ್ಲಿ ಸೋರೆಕಾಯಿ ಮತ್ತು ಹಾಗಲಕಾಯಿ ಬೆರೆಸಿದ ಜ್ಯೂಸ್ ಕುಡಿದರು. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಅವರು ಈ ಜ್ಯೂಸ್ ಕುಡಿಯುತ್ತಿದ್ದದ್ದು ಅದೇ ಮೊದಲೇನಲ್ಲ. ಅಂದಿನ ಜ್ಯೂಸ್ ಮಾತ್ರ ವಿಪರೀತ ಕಹಿಯಿತ್ತು. ವಾಂತಿ, ಭೇದಿ ಶುರುವಾಗಿ ಆಸ್ಪತ್ರೆ ಸೇರಿದ ಅವರು ಉಳಿಯಲಿಲ್ಲ. ಅದೇ ಜ್ಯೂಸ್ ಕುಡಿದಿದ್ದ ಅವರ ಪತ್ನಿಯೂ ಅಸ್ವಸ್ಥರಾಗಿ, ಚಿಕಿತ್ಸೆಯಿಂದ ಚೇತರಿಸಿಕೊಂಡರು.

ಇದಾದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ತಜ್ಞರ ಸಮಿತಿಯೊಂದನ್ನು ರಚಿಸಿತು. ಸಮಿತಿ ಇಂಥ ಪ್ರಕರಣಗಳನ್ನು ಪರಿಶೀಲಿಸಿ ಕೊಟ್ಟ ಸಲಹೆ ಬಹಳ ಸರಳ. ಜ್ಯೂಸ್ ಮಾಡುವ ಮುನ್ನ ಸೋರೆಕಾಯಿಯ ಸಣ್ಣ ತುಂಡಿನ ರುಚಿ ನೋಡಿ. ಕಹಿ ಇದ್ದರೆ ಇಡೀ ಕಾಯಿ ಎಸೆಯಿರಿ. ಕಹಿ ಜ್ಯೂಸ್ ಯಾವ ಕಾರಣಕ್ಕೂ ಕುಡಿಯಬೇಡಿ. ಸೋರೆಕಾಯಿ ಜ್ಯೂಸನ್ನು ಬೇರೆ ಜ್ಯೂಸ್ ಜೊತೆ ಬೆರೆಸಬೇಡಿ. ಕುಡಿದ ಮೇಲೆ ವಾಕರಿಕೆ, ವಾಂತಿ, ಭೇದಿ, ಸಂಕಟ ಏನೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಿ.

ಬೇರೆ ಜ್ಯೂಸ್ ಜೊತೆ ಏಕೆ ಬೆರೆಸಬಾರದು? ಹಾಗಲಕಾಯಿಯ ಜೊತೆ ಅರೆದರೆ ಯಾವ ಕಹಿ ಎಲ್ಲಿಂದ ಬಂತು ಎಂದು ನಾಲಿಗೆಗೆ ಗೊತ್ತಾಗುವುದಿಲ್ಲ. ದೆಹಲಿಯ ಪ್ರಕರಣ ನಮಗೆ ಹೇಳುವುದು ಇದನ್ನೇ. ಫಾರ್ವರ್ಡ್‌ಗಳಲ್ಲಿ ಇಂದಿಗೂ ಇದೇ ಎರಡು ಕಾಯಿಗಳ ಮಿಶ್ರಣವನ್ನು ಶಿಫಾರಸು ಮಾಡುತ್ತಾರೆ ಎನ್ನುವುದನ್ನು ನೋಡಿದರೆ ನಿಜಕ್ಕೂ ಬೇಸರವಾಗುತ್ತದೆ.

ಇದು ನಮ್ಮ ದೇಶದ ಸಮಸ್ಯೆ ಮಾತ್ರವಲ್ಲ. 2015ರ ಆಗಸ್ಟ್‌ನಲ್ಲಿ ಜರ್ಮನಿಯ ಹೈಡೆನ್‌ಹೈಮ್‌ನಲ್ಲಿ ವೃದ್ಧ ದಂಪತಿ ಮನೆತೋಟದಲ್ಲಿ ಬೆಳೆದ ಜುಕಿನಿ ಬೇಯಿಸಿ ತಿಂದು ಆಸ್ಪತ್ರೆ ಸೇರಿದರು. ಕಹಿ ಇದೆ ಎಂದು ಪತ್ನಿ ಸ್ವಲ್ಪ ತಿಂದು ಬಿಟ್ಟಿದ್ದರು, ಬದುಕಿದರು. 79 ವರ್ಷದ ಪತಿ ಮೃತಪಟ್ಟರು. ಅದು ಅಂಗಡಿಯಿಂದ ತಂದದ್ದಲ್ಲ, ಮನೆತೋಟದ್ದು. ಹಸಿಯೂ ಅಲ್ಲ, ಬೇಯಿಸಿದ್ದು. ಈ ಎರಡೂ ಅಂಶ ನಮಗೆ ಮುಖ್ಯ.

ಕಹಿ ಎಲ್ಲಿಂದ ಬರುತ್ತದೆ?

ಈ ಕಹಿಯ ಹೆಸರು ಕುಕುರ್ಬಿಟಾಸಿನ್. ಕುಂಬಳ ಕುಟುಂಬದ ಗಿಡಗಳು ತಮ್ಮನ್ನು ತಿನ್ನಲು ಬರುವ ಪ್ರಾಣಿ, ಕೀಟಗಳನ್ನು ದೂರ ಇಡಲು ತಯಾರಿಸಿಕೊಳ್ಳುವ ರಾಸಾಯನಿಕ. ಕಾಡು ಸೋರೆ, ಕಾಡು ಸೌತೆ ಎಲ್ಲವೂ ಇದರಿಂದ ತುಂಬಿರುತ್ತವೆ. ನಾವು ತಿನ್ನುವ ಸಿಹಿ ತಳಿಗಳು ಸಾವಿರಾರು ವರ್ಷ ರೈತರು ಕಹಿಯಿಲ್ಲದ ಕಾಯಿಯ ಬೀಜವನ್ನೇ ಆರಿಸಿ ಆರಿಸಿ ಉಳಿಸಿಕೊಂಡು ಬಂದದ್ದರ ಫಲ. ಅಂದರೆ 'ನೈಸರ್ಗಿಕ' ಸೋರೆ ಎಂದರೆ ಕಹಿ ಸೋರೆಯೇ. ಹಳ್ಳಿಗಳಲ್ಲಿ ಮಕ್ಕಳು ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿಯುತ್ತಿದ್ದುದನ್ನು ಹಿರಿಯರಿಂದ ಕೇಳಿರುತ್ತೀರಿ. ತಂಬೂರಿಗೂ ಸೋರೆಬುರುಡೆ ಬೇಕು. ಹೀಗೆ ಬುರುಡೆಗೆಂದು ಬೆಳೆದ ಸೋರೆ ಬೇರೆ, ಪಲ್ಯದ ಸೋರೆ ಬೇರೆ. ಆದರೆ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಎರಡೂ ಒಂದೇ ಜಾತಿ. ಹೂವು ಅರಳಿದಾಗ ಪರಾಗ ಇತ್ತಿಂದತ್ತ ಹೋಗಬಹುದು.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಪಕ್ಕದಲ್ಲಿ ಹಾಗಲಬಳ್ಳಿ ಹಾಕಿದರೆ ಸೋರೆಕಾಯಿ ಕಹಿಯಾಗುತ್ತದೆ ಎನ್ನುವವರಿದ್ದಾರೆ. ಆಗುವುದಿಲ್ಲ. ಹಾಗಲ ಮತ್ತು ಸೋರೆ ಒಂದೇ ಕುಟುಂಬದ ದೂರದ ನೆಂಟರು. ಒಂದರ ಪರಾಗದಿಂದ ಇನ್ನೊಂದು ಕಾಯಿ ಕಚ್ಚುವುದಿಲ್ಲ. ಇನ್ನು ಕಹಿ ಸೋರೆಯ ಪರಾಗವೇ ನಿಮ್ಮ ಸಿಹಿ ಸೋರೆಯ ಹೂವಿಗೆ ಬಿದ್ದರೂ ಈ ಸಲದ ಕಾಯಿ ಕಹಿಯಾಗುವುದಿಲ್ಲ, ಏಕೆಂದರೆ ಕಾಯಿಯ ತಿರುಳು ತಾಯಿಬಳ್ಳಿಯದೇ ಭಾಗ. ವ್ಯತ್ಯಾಸ ಆಗುವುದು ಒಳಗಿನ ಬೀಜದಲ್ಲಿ. ಆ ಬೀಜವನ್ನು ಒಣಗಿಸಿಟ್ಟು ಮುಂದಿನ ವರ್ಷ ಬಿತ್ತಿದಾಗ ಬಳ್ಳಿಗೆ ಬಳ್ಳಿಯೇ ಕಹಿ ಬರಬಹುದು. ನೋಡಲು ಕಾಯಿ ಮಾತ್ರ ಹಿಂದಿನ ವರ್ಷದಂತೆಯೇ ಇರುತ್ತದೆ.

ಆದ್ದರಿಂದ ತಾರಸಿ ತೋಟಗಾರರು ಬೀಜದ ಮೂಲವನ್ನು ಕೇಳಬೇಕು. ಬೀಜ ವಿನಿಮಯ ಒಳ್ಳೆಯ ಸಂಪ್ರದಾಯ. ಬೆಂಗಳೂರಿನಲ್ಲಿ 'ಊಟ ಫ್ರಮ್ ಯುವರ್ ತೋಟ' ಮೇಳಕ್ಕೆ ಹೋದವರಿಗೆ ಅದರ ಖುಷಿ ಗೊತ್ತು. ಪಡೆಯುವಾಗ ಒಂದು ಪ್ರಶ್ನೆ ಸೇರಿಸಿಕೊಳ್ಳಿ: ಈ ಬೀಜದ ಹೂವಿಗೆ ಕೈಯಿಂದ ಪರಾಗಸ್ಪರ್ಶ ಮಾಡಿದ್ದರೇ, ಇಲ್ಲ ಗಾಳಿಗೆ, ದುಂಬಿಗೆ ಬಿಟ್ಟಿದ್ದರೇ? ನೀವೇ ಬೀಜ ಉಳಿಸುವುದಾದರೆ ಸೋರೆಯಲ್ಲಿ ಇದು ಕಷ್ಟವಿಲ್ಲ. ಸೋರೆಯ ಬಿಳಿ ಹೂವು ಸಂಜೆ ಅರಳುತ್ತದೆ. ಅರಳುವ ಮೊದಲೇ ಒಂದು ಹೆಣ್ಣು ಮೊಗ್ಗು, ಒಂದು ಗಂಡು ಮೊಗ್ಗಿಗೆ ಪೇಪರ್ ಕವರ್ ಕಟ್ಟಿ, ಅರಳಿದ ಮೇಲೆ ಗಂಡು ಹೂವನ್ನು ಹೆಣ್ಣು ಹೂವಿಗೆ ಒತ್ತಿ, ಮತ್ತೆ ಕವರ್ ಕಟ್ಟಿ, ದಾರದ ಗುರುತು ಹಾಕಿ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿ ಇರುತ್ತದೆ, ಗುರುತಿಸುವುದು ಸುಲಭ. ಇಷ್ಟು ತಾಳ್ಮೆ ಇಲ್ಲದಿದ್ದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಬೀಜವನ್ನು ಆನ್‌ಲೈನ್‌ನಲ್ಲೇ ಕೊಳ್ಳಬಹುದು. ಸೋರೆಯಲ್ಲಿ ಅರ್ಕಾ ಬಹಾರ್, ಹೀರೆಯಲ್ಲಿ ಅರ್ಕಾ ಸುಮೀತ್ ಅಲ್ಲಿನವೇ ತಳಿಗಳು.

ಕಾಂಪೋಸ್ಟ್ ಗುಂಡಿಯಲ್ಲಿ ತಾನಾಗಿ ಹುಟ್ಟಿದ ಬಳ್ಳಿಯ ಬಗ್ಗೆ ಹೆಚ್ಚು ಎಚ್ಚರ ಇರಲಿ. ಅದರ ಅಪ್ಪ ಯಾರೆಂದು ಯಾರಿಗೂ ಗೊತ್ತಿಲ್ಲ.

ಇನ್ನೊಂದು ಕಾರಣ ಬಿಸಿಲು ಮತ್ತು ನೀರಿನ ಕೊರತೆ. ಸೌತೆಯಲ್ಲಿ ಇದು ಹೆಚ್ಚು ಕಾಣುತ್ತದೆ. ಒಂದು ವಾರ ನೀರಿಲ್ಲ, ಆಮೇಲೆ ಒಮ್ಮೆಲೇ ಎರಡು ಬಕೆಟ್, ಮತ್ತೆ ಒಣಗು. ಇಂಥ ಏರುಪೇರಿಗೆ ಬಳ್ಳಿ ಕಹಿ ಹೆಚ್ಚಿಸಿಕೊಂಡು ಉತ್ತರ ಕೊಡುತ್ತದೆ. ಬೆಂಗಳೂರು ತಂಪು ಊರು ಎನ್ನುವ ಮಾತು ಏಪ್ರಿಲ್‌ಗೆ ಅನ್ವಯಿಸುವುದಿಲ್ಲ. 2016ರ ಏಪ್ರಿಲ್‌ನಲ್ಲಿ ನಗರದ ಉಷ್ಣಾಂಶ 39.2 ಡಿಗ್ರಿ ಮುಟ್ಟಿತ್ತು. ಸಿಮೆಂಟ್ ತಾರಸಿಯ ಮೇಲಿನ ಕಪ್ಪು ಗ್ರೋಬ್ಯಾಗ್ ಇನ್ನೂ ಬಿಸಿ. ಮಣ್ಣಿನ ಮೇಲೆ ಒಣ ಎಲೆ ಅಥವಾ ತೆಂಗಿನ ನಾರು ಹೊದಿಸಿ, ದಿನವೂ ಸ್ವಲ್ಪ ಸ್ವಲ್ಪ ನೀರು ಕೊಟ್ಟು, ಮಧ್ಯಾಹ್ನಕ್ಕೆ ನೆರಳು ಬಲೆ ಕಟ್ಟಿದರೆ ಸೌತೆಯ ಕಹಿ ಎಷ್ಟೋ ಕಡಿಮೆ.

ಹಾಗಲಕಾಯಿಯೂ ಕಹಿ ತಾನೇ, ಅದನ್ನು ತಿನ್ನುವುದಿಲ್ಲವೇ?

ತಿನ್ನುತ್ತೇವೆ. ಯುಗಾದಿಯಂದು ಬೇವನ್ನೂ ತಿನ್ನುತ್ತೇವೆ. ಕಹಿ ಎಂದರೆ ಒಂದೇ ವಸ್ತುವಲ್ಲ. ಹಾಗಲಕಾಯಿಯ ಕಹಿ ಮುಖ್ಯವಾಗಿ ಮೊಮೊರ್ಡಿಕೋಸೈಡ್ ಎಂಬ ಬೇರೆ ಸಂಯುಕ್ತಗಳದ್ದು. ಅಡುಗೆಯಲ್ಲಿ ಬಳಸುವ ಪ್ರಮಾಣದಲ್ಲಿ ಅದನ್ನು ಜನ ತಲೆತಲಾಂತರದಿಂದ ತಿಂದು ಅರಗಿಸಿಕೊಂಡಿದ್ದಾರೆ. ಹಾಗಲ ಕಹಿ ಇರಬೇಕಾದ ತರಕಾರಿ, ಸೋರೆ ಕಹಿ ಇರಬಾರದ ತರಕಾರಿ. ಇರಬಾರದ ಕಡೆ ಇರುವ ಕಹಿ ಎಚ್ಚರಿಕೆಯ ಗಂಟೆ. 'ಕಹಿ ಇದ್ದಷ್ಟೂ ಶುಗರ್ ಇಳಿಯುತ್ತದೆ' ಎನ್ನುವ ಸಂದೇಶ ಈ ಎರಡನ್ನೂ ಒಂದೇ ಪಾತ್ರೆಗೆ ಹಾಕಿ ಕಲಕುತ್ತದೆ.

ಸೋರೆಕಾಯಿಯೇ ಕೆಟ್ಟದ್ದು ಎಂದು ಯಾರೂ ಓದಿಕೊಳ್ಳಬಾರದು. ಕಹಿಯಿಲ್ಲದ ಸೋರೆ ಬೇಸಿಗೆಗೆ ಹೇಳಿ ಮಾಡಿಸಿದ ತರಕಾರಿ. ನೀರಿನಂಶ ಹೆಚ್ಚು, ಹೊಟ್ಟೆಗೆ ಹಗುರ. ಪಲ್ಯ, ಹುಳಿ, ಮಜ್ಜಿಗೆಹುಳಿ, ದೋಸೆ ಯಾವುದಕ್ಕೂ ಒಗ್ಗುತ್ತದೆ.

ಬೇಯಿಸಿದರೆ ಕಹಿ ಹೋಗುವುದಿಲ್ಲವೇ?

ಹೋಗುವುದಿಲ್ಲ. ಕುಕುರ್ಬಿಟಾಸಿನ್ ಒಲೆಯ ಶಾಖಕ್ಕೆ ಹಾಳಾಗುವುದಿಲ್ಲ. ಕುಕ್ಕರ್‌ನಲ್ಲಿ ನಾಲ್ಕು ಸೀಟಿ ಹೊಡೆಸಿದರೂ ಅದೇ ಕಥೆ.

ಇಲ್ಲಿ ನಮ್ಮ ಅಡುಗೆಯದೇ ಒಂದು ವಿಶೇಷ ತೊಂದರೆ ಇದೆ. ಹುಣಸೆಹುಳಿ, ಬೆಲ್ಲ, ಸಾರಿನಪುಡಿ ಹಾಕಿದ ಮೇಲೆ ಸ್ವಲ್ಪ ಕಹಿ ಅಡಗಿಹೋಗುತ್ತದೆ. ಹುಳಿ-ಬೆಲ್ಲ ಕಹಿಯನ್ನು ಮುಚ್ಚುತ್ತವೆ, ತೆಗೆಯುವುದಿಲ್ಲ. 'ಸ್ವಲ್ಪ ಕಹಿ ಇತ್ತು, ಬೆಲ್ಲ ಹಾಕಿ ಸರಿಮಾಡಿದೆ' ಎನ್ನುವುದು ಅಡುಗೆಯ ಜಾಣತನ ಅನಿಸಬಹುದು. ಈ ಕುಟುಂಬದ ತರಕಾರಿಯಲ್ಲಿ ಮಾತ್ರ ಅದು ಬೇಡ. ಹೀರೆಕಾಯಿ ಸಿಪ್ಪೆ ಚಟ್ನಿ ಮಾಡುವವರು ಸಿಪ್ಪೆಯನ್ನೂ ಪ್ರತ್ಯೇಕವಾಗಿ ನಾಲಿಗೆಗೆ ಹಚ್ಚಿ ನೋಡಿ. ಚಟ್ನಿಗೆ ಬೀಳುವ ಹುಣಸೆ, ಬೆಲ್ಲ, ಮೆಣಸಿನಕಾಯಿ ಮುಂದೆ ಯಾವ ಕಹಿಯೂ ಮೇಲೆ ಕಾಣುವುದಿಲ್ಲ.

ಸೌತೆಕಾಯಿಯ ತುದಿ ಕತ್ತರಿಸಿ, ಅದೇ ತುಂಡಿನಿಂದ ಉಜ್ಜಿ ನೊರೆ ತೆಗೆಯುವ ಪದ್ಧತಿ ನಮ್ಮಲ್ಲಿ ಮನೆಮನೆಗೂ ಇದೆ. ಇದರಲ್ಲಿ ಅರ್ಧ ಸತ್ಯವಿದೆ. ಸೌತೆಯಲ್ಲಿ ಕಹಿ ಹೆಚ್ಚಾಗಿ ಇರುವುದು ತೊಟ್ಟಿನ ಕಡೆ ಮತ್ತು ಸಿಪ್ಪೆಯ ಕೆಳಗೆ. ಆದ್ದರಿಂದ ತೊಟ್ಟಿನ ತುದಿಯನ್ನು ದಪ್ಪಗೆ ಕತ್ತರಿಸಿ ಎಸೆದರೆ, ಸಿಪ್ಪೆ ಹೆರೆದರೆ ಕಹಿ ಕಡಿಮೆಯಾಗುತ್ತದೆ. ನೊರೆಯಾಗಿ ಬರುವುದು ಕತ್ತರಿಸಿದ ಜಾಗದ ಗಿಡದ ರಸ. ಉಜ್ಜಿದ ಮಾತ್ರಕ್ಕೆ ಇಡೀ ಕಾಯಿಯ ಕಹಿ ತುದಿಗೆ ಎಳೆದು ಬರುವುದಿಲ್ಲ. ಉಜ್ಜಬೇಡಿ ಎಂದು ಹೇಳುತ್ತಿಲ್ಲ. ಉಜ್ಜಿದ ಮೇಲೆ ರುಚಿ ನೋಡುವುದನ್ನು ಬಿಡಬೇಡಿ.

ರುಚಿ ನೋಡುವುದಕ್ಕೂ ಒಂದು ಕ್ರಮ ಇದೆ. ಪ್ರತಿ ಕಾಯಿಯನ್ನೂ ಬೇರೆಬೇರೆಯಾಗಿ ನೋಡಬೇಕು. ಒಂದು ಸಿಹಿ ಇದ್ದ ಮಾತ್ರಕ್ಕೆ ಅದೇ ಬುಟ್ಟಿಯ ಇನ್ನೊಂದು ಸಿಹಿ ಇರಬೇಕೆಂದಿಲ್ಲ. ತೊಟ್ಟಿನ ಹತ್ತಿರದ ತುಂಡು ತೆಗೆದುಕೊಳ್ಳಿ. ನುಂಗಬೇಡಿ, ನಾಲಿಗೆಗೆ ತಾಗಿಸಿ ಉಗಿಯಿರಿ. ಕುಕುರ್ಬಿಟಾಸಿನ್ ಅತ್ಯಂತ ಕಡಿಮೆ ಪ್ರಮಾಣದಲ್ಲಿದ್ದರೂ ನಮ್ಮ ನಾಲಿಗೆ ಹಿಡಿಯುತ್ತದೆ, ಇದಕ್ಕಿಂತ ಅಗ್ಗದ ಲ್ಯಾಬ್ ಇಲ್ಲ. ವಯಸ್ಸಾದಂತೆ ರುಚಿ ಮಂದವಾಗುತ್ತದೆ, ನೆಗಡಿಯಲ್ಲೂ ಮಂದ. ಅಜ್ಜಿ ಅಡುಗೆ ಮಾಡುವ ಮನೆಯಲ್ಲಿ ಈ ಒಂದು ಕೆಲಸ ಮನೆಯ ಬೇರೆಯವರಿಗೆ ಕೊಡಿ. ಒಂದೇ ಬಳ್ಳಿಯ ಎರಡು ಮೂರು ಕಾಯಿ ಸತತವಾಗಿ ಕಹಿ ಬಂದರೆ ಬಳ್ಳಿಯನ್ನೇ ಕಿತ್ತುಹಾಕಿ, ಬೀಜ ಉಳಿಸಬೇಡಿ.

ಹುಳು ತಿಂದಿದ್ದರೆ ವಿಷ ಇಲ್ಲ ಎಂದರ್ಥವೇ?

ಈ ನಂಬಿಕೆಗೆ ಸೋರೆ ಬಳ್ಳಿಯಲ್ಲೇ ಉತ್ತರವಿದೆ. ಸೋರೆ, ಕುಂಬಳ, ಸೌತೆಯ ಎಳೆ ಎಲೆಗಳನ್ನು ಜರಡಿ ಮಾಡುವ ಕಿತ್ತಳೆ-ಕೆಂಪು ಬಣ್ಣದ ಕುಂಬಳ ದುಂಬಿಯನ್ನು ನೋಡಿರುತ್ತೀರಿ. ಕುಕುರ್ಬಿಟಾಸಿನ್ ಈ ದುಂಬಿಯನ್ನು ಓಡಿಸುವುದಿಲ್ಲ, ಬದಲಿಗೆ ಇನ್ನಷ್ಟು ತಿನ್ನಲು ಪ್ರೇರೇಪಿಸುತ್ತದೆ. ಇದರ ಅಮೆರಿಕದ ಸಂಬಂಧಿ ದುಂಬಿಗಳನ್ನು ಹಿಡಿಯಲು ಕಹಿಯನ್ನೇ ಆಮಿಷವಾಗಿ ಇಡುತ್ತಾರೆ. ಮನುಷ್ಯನನ್ನು ಆಸ್ಪತ್ರೆಗೆ ಕಳಿಸುವ ವಸ್ತು ದುಂಬಿಗೆ ಹಬ್ಬದೂಟ. ಹುಳುವಿನ ದೇಹ ಬೇರೆ, ನಮ್ಮ ದೇಹ ಬೇರೆ.

ಬದನೆಕಾಯಿಯಲ್ಲಿ ಲೆಕ್ಕ ಇನ್ನೂ ತಲೆಕೆಳಗು. ಬದನೆಯ ಕುಡಿ ಮತ್ತು ಕಾಯಿ ಕೊರಕದ ಮರಿಹುಳು ಮೊಟ್ಟೆಯೊಡೆದ ಸ್ವಲ್ಪ ಹೊತ್ತಿಗೇ ಕಾಯಿಯೊಳಗೆ ನುಗ್ಗಿಬಿಡುತ್ತದೆ. ಒಳಗೆ ಸೇರಿದ ಮೇಲೆ ಹೊರಗೆ ಹೊಡೆದ ಔಷಧಿ ಅದಕ್ಕೆ ತಾಗುವುದಿಲ್ಲ. ತಾಗುವುದಿಲ್ಲ ಎಂದೇ ಬೆಳೆಗಾರರು ಮತ್ತೆ ಮತ್ತೆ ಹೊಡೆಯುತ್ತಾರೆ. ಹೀಗಾಗಿ ಮಾರುಕಟ್ಟೆಯ ತೂತಾದ ಬದನೆ ಔಷಧಿ ಕಾಣದ ಬದನೆ ಆಗಿರಬೇಕಿಲ್ಲ. ಹೆಚ್ಚು ಔಷಧಿ ಕಂಡದ್ದೂ ಆಗಿರಬಹುದು. ಮನೆತೋಟದಲ್ಲಾದರೆ ಬಾಡಿ ಬಾಗಿದ ಕುಡಿ ಕಂಡ ಕೂಡಲೇ ಅದನ್ನು ಒಂದೆರಡು ಇಂಚು ಕೆಳಗೆ ಚಿವುಟಿ, ಸೋಪುನೀರಿನಲ್ಲಿ ಮುಳುಗಿಸಿ. ಹತ್ತು ಗಿಡದ ತೋಟಕ್ಕೆ ಇದು ಸಾಕು.

ಹೀರೆ, ಪಡವಲ, ಹಾಗಲದ ದೊಡ್ಡ ಶತ್ರು ಹಣ್ಣು ನೊಣ. ಎಳೆ ಕಾಯಿಗೆ ಚುಚ್ಚಿ ಮೊಟ್ಟೆಯಿಡುತ್ತದೆ. ಚುಚ್ಚಿದ ಕಡೆ ಅಂಟು ಒಸರುತ್ತದೆ, ಕಾಯಿ ಸೊಟ್ಟಗಾಗುತ್ತದೆ, ಒಳಗೆ ಬಿಳಿ ಹುಳು. ಆನ್‌ಲೈನ್‌ನಲ್ಲಿ ಟ್ರ್ಯಾಪ್ ತರಿಸಿ ಕಟ್ಟಿದೆ, ಏನೂ ಉಪಯೋಗವಾಗಲಿಲ್ಲ ಎನ್ನುವ ದೂರು ಸಾಮಾನ್ಯ. ಎಷ್ಟೋ ಸಲ ಕಾರಣ ಒಳಗಿನ ಆಮಿಷ. ಮಾವಿನ ನೊಣಕ್ಕೆ ಮೀಥೈಲ್ ಯುಜಿನಾಲ್ ಬೇಕು, ಸೋರೆ-ಹೀರೆಯ ನೊಣಕ್ಕೆ ಕ್ಯೂಲ್ಯೂರ್ ಬೇಕು. ಪ್ಯಾಕೆಟ್ ಮೇಲೆ ಓದಿಕೊಂಡು ಕೊಳ್ಳಿ. ಸರಿಯಾದ ಟ್ರ್ಯಾಪ್ ಕೂಡ ಹಿಡಿಯುವುದು ಗಂಡು ನೊಣಗಳನ್ನು ಮಾತ್ರ, ಆದ್ದರಿಂದ ಕಾಯಿ ಕಚ್ಚಿದ ಕೂಡಲೇ ಹಳೆ ಬಟ್ಟೆಯ ಚೀಲವೋ ಪೇಪರ್ ಕವರೋ ತೊಡಿಸುವುದು ಹೆಚ್ಚು ಭರವಸೆಯ ದಾರಿ. ಹುಳು ಬಿದ್ದ ಕಾಯಿಯನ್ನು ಕಾಂಪೋಸ್ಟ್‌ಗೆ ಹಾಕಿದರೆ ನೀವೇ ನೊಣ ಸಾಕಿದಂತೆ. ಪ್ಲಾಸ್ಟಿಕ್ ಕವರ್‌ನಲ್ಲಿ ಗಂಟುಕಟ್ಟಿ ಬಿಸಿಲಿಗೆ ಇಟ್ಟು ಸಾಯಿಸಿ.

ಇನ್ನು ದಾಸವಾಳ, ಪಪ್ಪಾಯಿ, ಬದನೆ ಮೇಲಿನ ಬಿಳಿ ಹತ್ತಿಯಂಥ ಹಿಟ್ಟು ತಿಗಣೆ. ಇದರ ನಡುವೆ ಸ್ವಲ್ಪ ದೊಡ್ಡದಾದ, ಉದ್ದ ಬಿಳಿ ಎಳೆಗಳಿರುವ, ಚುರುಕಾಗಿ ಓಡಾಡುವ ಹುಳು ಕಂಡರೆ ತಡೆಯಿರಿ. ಅದು ಹಿಟ್ಟು ತಿಗಣೆಯನ್ನೇ ತಿನ್ನುವ ಗುಲಗಂಜಿ ಹುಳುವಿನ ಮರಿ ಇರಬಹುದು. ಶತ್ರುವಿನಂತೆಯೇ ವೇಷ ಹಾಕಿಕೊಂಡಿರುವುದರಿಂದ ಎಷ್ಟೋ ಜನ ಅದನ್ನೇ ಮೊದಲು ಕೊಲ್ಲುತ್ತಾರೆ. ಮಿತ್ರಕೀಟಗಳ ಶಕ್ತಿಗೆ ನಮ್ಮ ಊರಿನದೇ ಉದಾಹರಣೆ ಇದೆ. 2008ರಲ್ಲಿ ತಮಿಳುನಾಡಿನಲ್ಲಿ ಮೊದಲು ಕಾಣಿಸಿಕೊಂಡ ಪಪ್ಪಾಯಿ ಹಿಟ್ಟು ತಿಗಣೆ ಕರ್ನಾಟಕಕ್ಕೂ ಹರಡಿ ಪಪ್ಪಾಯಿ, ಹಿಪ್ಪುನೇರಳೆ ತೋಟಗಳನ್ನು ಹಾಳುಮಾಡಿತು. ಔಷಧಿ ಹೊಡೆದರೂ ಹತೋಟಿಗೆ ಬರಲಿಲ್ಲ. 2010ರಲ್ಲಿ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆಯ ವಿಜ್ಞಾನಿಗಳು ಪೋರ್ಟೊರಿಕೊದಿಂದ ಅಸೆರೋಫೇಗಸ್ ಎಂಬ, ಕಣ್ಣಿಗೆ ಕಾಣಿಸಿಯೂ ಕಾಣದಷ್ಟು ಚಿಕ್ಕ ಕಣಜವನ್ನು ತರಿಸಿ, ಬೆಳೆಸಿ, ತೋಟಗಳಿಗೆ ಬಿಟ್ಟರು. ಆ ಕಣಜ ತಿಗಣೆಯೊಳಗೇ ಮೊಟ್ಟೆಯಿಟ್ಟು ಅದನ್ನು ಮುಗಿಸಿತು.

ಮನೆಮದ್ದಿನ ಸ್ಪ್ರೇಗಳು ಸುರಕ್ಷಿತವೇ?

ಎಲ್ಲವೂ ಅಲ್ಲ. ಬೇವಿನೆಣ್ಣೆ ಉಪಯುಕ್ತ: ಒಂದು ಲೀಟರ್ ನೀರಿಗೆ 3ರಿಂದ 5 ಎಂಎಲ್, ಕಲಸಲು ಕೆಲವು ಹನಿ ಸೋಪುದ್ರಾವಣ, ಸಂಜೆ ಹೊತ್ತು. ಬಿಸಿಲಿಗೆ ಬೇವಿನ ಸತ್ವ ಬೇಗ ಹಾಳಾಗುತ್ತದೆ, ಎಲೆಯೂ ಸುಡಬಹುದು. ಎಳೆ ಹುಳುಗಳ ಮೇಲೆ ಕೆಲಸ ಮಾಡುತ್ತದೆ, ಬಲಿತವುಗಳ ಮೇಲೆ ಅಷ್ಟಾಗಿ ಇಲ್ಲ. ಬಾಟಲಿಯನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ಬೇವಿನೆಣ್ಣೆ ಕುಡಿದ ಪುಟ್ಟ ಮಕ್ಕಳು ಆಸ್ಪತ್ರೆ ಸೇರಿದ್ದು ವೈದ್ಯಕೀಯ ದಾಖಲೆಗಳಲ್ಲಿದೆ.

ತಂಬಾಕು ಕಷಾಯದ ವಿಡಿಯೋಗಳನ್ನು ಮಾತ್ರ ದಯವಿಟ್ಟು ಹಂಚಬೇಡಿ. ಅದರಲ್ಲಿರುವ ನಿಕೋಟಿನ್ ಚರ್ಮದ ಮೂಲಕವೂ ದೇಹ ಸೇರುವ ತೀವ್ರ ವಿಷ. ನಿಕೋಟಿನ್ ಸಲ್ಫೇಟ್ ಕೀಟನಾಶಕದ ಬಳಕೆಯನ್ನು ಭಾರತದಲ್ಲಿ ನಿಷೇಧಿಸಲಾಗಿದೆ. ಅಂಗಡಿಯಲ್ಲಿ ಸಿಗದಂತೆ ಮಾಡಿದ ವಿಷವನ್ನು ಅಡುಗೆಮನೆಯ ಪಾತ್ರೆಯಲ್ಲಿ ಕುದಿಸಿ ತಯಾರಿಸಿ 'ಆರ್ಗ್ಯಾನಿಕ್' ಎಂದು ಕರೆಯುವುದು ವಿಚಿತ್ರ. ಜಿರಳೆ, ಸೊಳ್ಳೆ ಸ್ಪ್ರೇಗಳನ್ನು ತರಕಾರಿ ಗಿಡಕ್ಕೆ ಹೊಡೆಯುವವರೂ ಇದ್ದಾರೆ. ಅವು ತಿನ್ನುವ ಗಿಡಕ್ಕಾಗಿ ಮಾಡಿದವಲ್ಲ.

ನಾಲಿಗೆಗೆ ಗೊತ್ತಾಗದ ಅಪಾಯ

ಮನೆಯಲ್ಲೇ ಬೆಳೆದದ್ದು ಎನ್ನುವಾಗ ನೀರು ಎಲ್ಲಿಯದು ಎಂದೂ ಕೇಳಬೇಕು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಘೋಷಿಸಿತು. 2025ರ ಫೆಬ್ರುವರಿಯಲ್ಲಿ ಮತ್ತೆ ಅದೇ ಆದೇಶ. ಅಂದಿನಿಂದ ಗಿಡಗಳಿಗೆ ಬರುತ್ತಿರುವುದು ಅಕ್ಕಿ-ತರಕಾರಿ ತೊಳೆದ ನೀರು, ಆರ್‌ಒ ಯಂತ್ರ ಹೊರಹಾಕುವ ನೀರು, ಅಪಾರ್ಟ್‌ಮೆಂಟ್‌ನ ಎಸ್‌ಟಿಪಿ ನೀರು. ಅಕ್ಕಿ ತೊಳೆದ ನೀರಿಗೆ ಚಿಂತೆಯಿಲ್ಲ. ಆರ್‌ಒ ಹೊರಹಾಕಿದ ನೀರಿನಲ್ಲಿ ಲವಣ ಹೆಚ್ಚು, ಅದನ್ನೇ ದಿನವೂ ಹಾಕಿದರೆ ಕುಂಡದ ಮಣ್ಣು ಉಪ್ಪಾಗುತ್ತದೆ. ಬೇರೆ ನೀರಿನ ಜೊತೆ ಬೆರೆಸಿ. ಎಸ್‌ಟಿಪಿ ನೀರಿನಲ್ಲಿ ರೋಗಾಣುಗಳು ಉಳಿದಿರಬಹುದು. ಚಪ್ಪರದ ಮೇಲಿರುವ ಸೋರೆ, ಹೀರೆಯ ಬುಡಕ್ಕೆ ಹಾಕುವುದರಲ್ಲಿ ಅಪಾಯ ಕಡಿಮೆ, ಕಾಯಿಗೆ ನೀರು ತಾಗುವುದಿಲ್ಲ, ಬೇಯಿಸಿಯೂ ತಿನ್ನುತ್ತೇವೆ. ಹಸಿಯಾಗಿ ತಿನ್ನುವ ಕೊತ್ತಂಬರಿ, ಪುದೀನ, ಸೊಪ್ಪುಗಳ ಮೇಲೆ ಚಿಮುಕಿಸಬೇಡಿ.

ಪೀಣ್ಯದ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಸೇರಿರುವುದು ವರ್ಷಗಳಿಂದ ದಾಖಲಾಗಿರುವ ವಿಷಯ. ಲೋಹಕ್ಕೆ ಲೇಪ ಕೊಡುವ ಘಟಕಗಳ ತ್ಯಾಜ್ಯ ಇದಕ್ಕೆ ಮುಖ್ಯ ಕಾರಣ. ವೈಟ್‌ಫೀಲ್ಡ್ ಕಡೆ ವರ್ತೂರು, ಬೆಳ್ಳಂದೂರು ಕೆರೆಗಳ ಕಥೆ ಹೇಳಬೇಕಿಲ್ಲ, ನೊರೆಯನ್ನು ರಸ್ತೆಯಲ್ಲೇ ನೋಡಿದ್ದೇವೆ. ಲೋಹಗಳಿಗೆ ಕಹಿಯೂ ಇಲ್ಲ, ವಾಸನೆಯೂ ಇಲ್ಲ, ಬೇಯಿಸಿದರೆ ಹೋಗುವುದೂ ಇಲ್ಲ. ಸಾಮಾನ್ಯವಾಗಿ ಕಾಯಿಗಿಂತ ಸೊಪ್ಪಿನಲ್ಲಿ ಹೆಚ್ಚು ಸೇರುತ್ತವೆ. ಕೈಗಾರಿಕಾ ಪ್ರದೇಶದ ಬೋರ್‌ವೆಲ್ ನೀರಿನಲ್ಲಿ ಸೊಪ್ಪು ಬೆಳೆಯುವವರು ಒಮ್ಮೆ ಲೋಹಗಳ ಪರೀಕ್ಷೆ ಮಾಡಿಸಿ. ಬರೀ ಟಿಡಿಎಸ್ ಮೀಟರ್ ಅದನ್ನು ಹೇಳುವುದಿಲ್ಲ. ಹಳೆ ಡ್ರಮ್ ಕೊಳ್ಳುವಾಗ ಒಳಗೆ ಮೊದಲು ಏನಿತ್ತು ಎಂದು ಕೇಳಿ. ಲೇಬಲ್ ಹರಿದಿದ್ದರೆ, ಅಂಗಡಿಯವರಿಗೂ ಗೊತ್ತಿಲ್ಲದಿದ್ದರೆ ಅದರಲ್ಲಿ ಹೂವಿನ ಗಿಡ ಬೆಳೆಸಿ.

ಅಂಗಡಿಯ ದೊಡ್ಡ ಸೋರೆಕಾಯಿಗೆ ಆಕ್ಸಿಟೋಸಿನ್ ಚುಚ್ಚಿ ರಾತ್ರೋರಾತ್ರಿ ಬೆಳೆಸುತ್ತಾರೆ ಎಂಬ ವಿಡಿಯೋ ಬಗ್ಗೆಯೂ ಪ್ರಶ್ನೆ ಬರುತ್ತಿರುತ್ತದೆ. ಆಕ್ಸಿಟೋಸಿನ್ ಸಸ್ತನಿಗಳ ಹಾರ್ಮೋನ್. ಹೆರಿಗೆಯ ರಕ್ತಸ್ರಾವ ತಡೆಯಲು ಬೇಕಾದ ಜೀವರಕ್ಷಕ ಔಷಧ. ಅದರಿಂದ ಕಾಯಿ ಊದುತ್ತದೆ ಎನ್ನಲು ಆಧಾರವಿಲ್ಲ. ಸೋರೆಕಾಯಿ ಯಾವ ಇಂಜೆಕ್ಷನ್ ಇಲ್ಲದೆಯೂ ಹೂವಿನಿಂದ ಎರಡು ವಾರದೊಳಗೆ ಕೊಯ್ಲಿಗೆ ಬರುತ್ತದೆ, ತಾರಸಿಯಲ್ಲಿ ಬೆಳೆದವರನ್ನು ಕೇಳಿ. ಈ ಔಷಧದ ದುರ್ಬಳಕೆಯ ಆತಂಕದಿಂದ ಕೇಂದ್ರ ಸರ್ಕಾರ 2018ರಲ್ಲಿ ಖಾಸಗಿ ತಯಾರಿಕೆ ನಿಲ್ಲಿಸಿ, ಪೀಣ್ಯದಲ್ಲಿ ಘಟಕವಿರುವ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಕಂಪನಿಗೆ ಮಾತ್ರ ಅವಕಾಶ ಕೊಡಲು ಹೊರಟಿತ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶ ರದ್ದು ಮಾಡಿತು.

ಕಹಿ ಕಾಯಿ ತಿಂದುಬಿಟ್ಟಿದ್ದರೆ?

ಲಕ್ಷಣಗಳು ಕೆಲವು ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ಶುರುವಾಗುತ್ತವೆ: ಹೊಟ್ಟೆನೋವು, ವಾಂತಿ, ಭೇದಿ. ತೀವ್ರವಾದಾಗ ವಾಂತಿಯಲ್ಲಿ ರಕ್ತ, ಬಿಪಿ ಕುಸಿತ, ತಲೆಸುತ್ತು. ಇದಕ್ಕೆ ಪ್ರತಿವಿಷ ಇಲ್ಲ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ, ರಕ್ತದೊತ್ತಡ ಕಾಪಾಡಿ, ಹೊಟ್ಟೆಯ ಗಾಯಕ್ಕೆ ಚಿಕಿತ್ಸೆ ಕೊಡುತ್ತಾರೆ. ಬೇಗ ಹೋದವರಲ್ಲಿ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಜ್ಯೂಸ್ ಕುಡಿದವರ ವಿಷಯದಲ್ಲಿ ಕಾಯಲೇಬೇಡಿ: ಒಂದು ಲೋಟದಲ್ಲಿ ಇಡೀ ಕಾಯಿಯ ಸತ್ವ ಇರುತ್ತದೆ, ಅದೂ ಖಾಲಿ ಹೊಟ್ಟೆಗೆ. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುವುದು, ಮಜ್ಜಿಗೆ-ನಿಂಬೆರಸ ಕೊಟ್ಟು ಬೆಳಗಿನವರೆಗೆ ನೋಡೋಣ ಎನ್ನುವುದು ಬೇಡ. 108ಕ್ಕೆ ಕರೆಮಾಡಿ, ಇಲ್ಲವೇ ಹತ್ತಿರದ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ. ಏನು ತಿಂದರು, ಎಷ್ಟು ಹೊತ್ತಿಗೆ, ಕಹಿ ಇತ್ತೇ ಎಂದು ವೈದ್ಯರಿಗೆ ಮೊದಲೇ ಹೇಳಿ; ಸಾಮಾನ್ಯ ಫುಡ್ ಪಾಯಿಸನ್ ಎಂದುಕೊಂಡು ಮನೆಗೆ ಕಳಿಸುವ ಸಾಧ್ಯತೆ ಇರುತ್ತದೆ. ಉಳಿದ ಕಾಯಿಯ ತುಂಡನ್ನು ಕವರ್‌ನಲ್ಲಿ ಹಾಕಿ ಜೊತೆಗೆ ಒಯ್ಯಿರಿ.